ಹೊಸ ಸೈಕಲ್ ತುಳಿದಾಗ ಕಿರ್ ಕಿರ್ ಸದ್ದಾ? ಬಿ.ಬಿ. ಬಿಚ್ಚುವ ಮುಂಚೆ ಹೀಗೆ ಪರೀಕ್ಷೆ ಮಾಡಿ

ಸಮತಟ್ಟು ರಸ್ತೆಯಲ್ಲಿ ಸದ್ದೇ ಇಲ್ಲ. ಸ್ವಲ್ಪ ಏರು ಬಂದು ಪೆಡಲ್ ಮೇಲೆ ಭಾರ ಬಿದ್ದ ಕೂಡಲೇ ಕಾಲ ಬುಡದಲ್ಲಿ ಕಿರ್, ಕಿರ್ ಅಂತ ಶುರು. ಪ್ರತಿ ಸುತ್ತಿಗೆ ಒಂದು ಸಲ, ಅದೂ ಕಾಲು ಅದೇ ಜಾಗಕ್ಕೆ ಬಂದಾಗ. ಹೊಸ ಸೈಕಲ್ ಕೊಂಡವರಿಂದ ಈ ದೂರು ಆಗಾಗ ಕೇಳಿಬರುತ್ತದೆ. ಪಕ್ಕದಲ್ಲಿ ನಿಂತವರ ತೀರ್ಪೂ ಸಾಮಾನ್ಯವಾಗಿ ಒಂದೇ: "ಬಿ.ಬಿ. ಹೋಗಿದೆ."

ಹೊಸ ಸೈಕಲ್‌ನಲ್ಲಿ ಬಿ.ಬಿ., ಅಂದರೆ ಎರಡು ಪೆಡಲ್ ತೋಳುಗಳ ನಡುವೆ ಫ್ರೇಮ್ ಬುಡದಲ್ಲಿರುವ ಬೇರಿಂಗ್ ಭಾಗ, ಅಷ್ಟು ಬೇಗ ಹೋಗುವುದು ಕಡಿಮೆ. ಹೆಚ್ಚಿನ ಸಲ ಯಾವುದೋ ಬೋಲ್ಟ್ ಸಡಿಲ ಇರುತ್ತದೆ, ಇಲ್ಲವೇ ಯಾವುದೋ ಥ್ರೆಡ್‌ಗೆ ಗ್ರೀಸ್ ಹಾಕದೆ ಒಣದಾಗಿ ತಿರುಪಿರುತ್ತಾರೆ. ಅದಕ್ಕೇ ನಾನು ಹೇಳುವುದು, ಹೊರಗಿನಿಂದ ಒಳಗೆ ಹೋಗಿ. ಮೊದಲು ಸೀಟು, ಪೆಡಲ್, ಚಕ್ರ. ಆಮೇಲೆ ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದಿರುವ ತೋಳು. ಬಿ.ಬಿ. ಕೊನೆಗೆ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ತುಳಿದು ನೋಡಿ, ಆಮೇಲೆ ಮುಂದಿನದು. ನಾಲ್ಕು ಕಡೆ ಒಟ್ಟಿಗೆ ಬಿಗಿ ಮಾಡಿದರೆ ಸದ್ದು ಹೋಗಬಹುದು, ಆದರೆ ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಅದೇ ಸದ್ದು ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕು.

ಒಂದು ವಿಷಯ ಮಾತ್ರ ಕಾಯುವಂಥದ್ದಲ್ಲ. ಎರಡೂ ಕ್ರ್ಯಾಂಕ್‌ಗಳನ್ನು ಕೈಯಲ್ಲಿ ಹಿಡಿದು ಫ್ರೇಮ್ ಕಡೆಗೆ, ಹೊರಗಡೆಗೆ ಅಲ್ಲಾಡಿಸಿ. ಎಡಗಡೆಯದು ಮಾತ್ರ ಲೊಡಲೊಡ ಅಂದರೆ ಸೈಕಲ್ ಅಲ್ಲೇ ನಿಲ್ಲಿಸಿ, ತುಳಿಯಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸದ್ದು ಯಾಕೆ ಬರುತ್ತದೆ

ಎರಡು ಕ್ರ್ಯಾಂಕ್‌ಗಳ ನಡುವಿನ ಆಕ್ಸಲ್, ಅದು ತಿರುಗುವ ಬೇರಿಂಗ್, ಬೇರಿಂಗನ್ನು ಹಿಡಿದುಕೊಳ್ಳುವ ಕಪ್, ಇಷ್ಟೂ ಸೇರಿ ಬಾಟಮ್ ಬ್ರ್ಯಾಕೆಟ್. ಶಾಪ್‌ಗಳಲ್ಲಿ ಎಲ್ಲರೂ ಬಿ.ಬಿ. ಅಂತಲೇ ಕರೆಯುವುದು. ಫ್ರೇಮ್‌ನ ಬುಡದಲ್ಲಿ ಅಡ್ಡಕ್ಕೆ ಕೂತಿರುವ ದಪ್ಪ ಕೊಳವೆ ಅದರ ಮನೆ. ಅದಕ್ಕೆ ಶೆಲ್ ಎನ್ನುತ್ತಾರೆ.

ಲೋಹಕ್ಕೆ ಲೋಹ ತಾಗುವ ಜಾಗ ಒಣಗಿದ್ದರೆ ಅಥವಾ ಸಾಕಷ್ಟು ಬಿಗಿ ಇಲ್ಲದಿದ್ದರೆ, ಭಾರ ಬಿದ್ದಾಗ ಅವೆರಡೂ ಕೂದಲೆಳೆಯಷ್ಟು ಜರುಗುತ್ತವೆ. ಜರುಗಿ ಹಿಡಿಯುತ್ತವೆ, ಹಿಡಿದು ಜರುಗುತ್ತವೆ. ಅದೇ ಕಿರ್ ಸದ್ದು. ಕೀಲೆಣ್ಣೆ ಕಾಣದ ಗಾಡಿಯ ಅಚ್ಚು ಕೂಗುವುದೂ ಇದೇ ಕಾರಣಕ್ಕೆ. ಬೇರಿಂಗೇ ಕೆಟ್ಟಿದ್ದರೆ ಸದ್ದು ಬೇರೆ: ಗರಗರ ಅನ್ನುತ್ತದೆ, ಮರಳು ಅರೆದ ಹಾಗೆ ಕೈಗೆ ಗೊತ್ತಾಗುತ್ತದೆ, ಭಾರ ಹಾಕದೆ ಸುಮ್ನೆ ತಿರುಗಿಸಿದರೂ ಇರುತ್ತದೆ.

ಹೊಸ ಸೈಕಲ್‌ಗೇ ಇದು ಜಾಸ್ತಿ ಬರಲು ಕಾರಣ ಇದೆ. ಸೈಕಲ್ ಬಾಕ್ಸ್‌ನಲ್ಲಿ ಬರುವಾಗ ಪೂರ್ತಿ ಜೋಡಣೆ ಆಗಿರುವುದಿಲ್ಲ. ಪೆಡಲ್, ಹ್ಯಾಂಡಲ್, ಸೀಟು, ಮುಂದಿನ ಚಕ್ರ ಶಾಪ್‌ನಲ್ಲೋ ಮನೆಯಲ್ಲೋ ಸೇರುತ್ತವೆ. ಅವಸರದಲ್ಲಿ ಗ್ರೀಸ್ ಮರೆತುಹೋಗುತ್ತದೆ. ಫ್ಯಾಕ್ಟರಿಯಲ್ಲಿ ಬಿಗಿ ಮಾಡಿದ್ದು ಕೂಡ ಮೊದಲ ಕೆಲವು ಸವಾರಿಗಳಲ್ಲಿ ಕೂತುಕೊಂಡು ಸ್ವಲ್ಪ ಸಡಿಲವಾಗುತ್ತದೆ. ಇದು ಸಹಜ. ಹೊಸ ಸೈಕಲ್‌ಗೆ ಮೊದಲ ಸರ್ವಿಸ್ ಅಂತ ಇಟ್ಟಿರುವುದೇ ಇದಕ್ಕೆ.

ಕಿವಿಯನ್ನು ಪೂರ್ತಿ ನಂಬಬೇಡಿ

ಫ್ರೇಮ್ ಅಂದರೆ ಟೊಳ್ಳು ಕೊಳವೆಗಳು. ಸೀಟಿನ ಹತ್ತಿರ ಹುಟ್ಟಿದ ಸದ್ದು ಕೊಳವೆಯಲ್ಲಿ ಇಳಿದು ಬಿ.ಬಿ. ಹತ್ತಿರ ಕೇಳಿಸುತ್ತದೆ. ಹಿಂದಿನ ಚಕ್ರದ ಕ್ವಿಕ್ ರಿಲೀಸ್ (ಚಕ್ರವನ್ನು ಫ್ರೇಮಿಗೆ ಬಿಗಿ ಹಿಡಿಯುವ ಲಿವರ್) ಸಡಿಲ ಇದ್ದರೂ ಬಿ.ಬಿ.ಯಿಂದಲೇ ಬಂದ ಹಾಗೆ ಅನ್ನಿಸುತ್ತದೆ. ಸದ್ದು ಯಾವ ಜಾಗದಿಂದ ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದನ್ನು ಗಮನಿಸಿ. ಗಾಡಿ ಓಡಾಟ ಇಲ್ಲದ, ಸ್ವಲ್ಪ ಏರಿರುವ ರಸ್ತೆ ಹುಡುಕಿಕೊಂಡು ಈ ಪರೀಕ್ಷೆಗಳನ್ನು ಮಾಡಿ.

ತುಳಿಯುವುದು ನಿಲ್ಲಿಸಿ, ಸೈಕಲ್ ತಾನಾಗಿ ಉರುಳಲಿ. ಆಗಲೂ ಸದ್ದು ಬಂದರೆ ಅದು ಚಕ್ರದ್ದು. ನಿಂತುಹೋದರೆ ಹೆಚ್ಚಾಗಿ ತುಳಿಯುವ ಭಾಗದ್ದೋ ಸೀಟಿನದೋ ಹ್ಯಾಂಡಲಿನದೋ ಇರಬೇಕು.

ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ಪೂರ್ತಿ ಹೋಯಿತಾ? ಹಾಗಾದರೆ ಸೀಟು ಅಥವಾ ಅದು ಕೂತಿರುವ ಕಂಬ, ಅಂದರೆ ಸೀಟ್ ಪೋಸ್ಟ್. ನಿಂತಾಗ ಜಾಸ್ತಿ ಆಯಿತಾ? ಆಗ ಪೆಡಲ್, ಕ್ರ್ಯಾಂಕ್, ಬಿ.ಬಿ., ಹ್ಯಾಂಡಲ್ ಇಷ್ಟರಲ್ಲಿ ಒಂದು. ಹ್ಯಾಂಡಲ್ ಅಂದದ್ದು ಯಾಕೆಂದರೆ ಏರು ಹತ್ತುವಾಗ ನಾವು ಗೊತ್ತಿಲ್ಲದೆ ಪ್ರತಿ ತುಳಿತಕ್ಕೂ ಹ್ಯಾಂಡಲ್ ಎಳೆಯುತ್ತೇವೆ. ಸೈಕಲ್ ನಿಲ್ಲಿಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಒತ್ತಿ. ಅಲ್ಲೇ ಸದ್ದು ಬಂದರೆ ಹ್ಯಾಂಡಲ್ ಹಿಡಿದಿಡುವ ಸ್ಟೆಮ್‌ನ ಬೋಲ್ಟ್ ನೋಡಬೇಕು.

ಒಂದೇ ಕಾಲಲ್ಲಿ ತುಳಿದು ನೋಡಿ, ಆಮೇಲೆ ಇನ್ನೊಂದರಲ್ಲಿ. ಎಡಗಾಲಿಗೆ ಮಾತ್ರ ಸದ್ದು ಬಂದರೆ ಎಡ ಪೆಡಲ್ ಅಥವಾ ಎಡ ಕ್ರ್ಯಾಂಕ್ ಮೇಲೆ ಅನುಮಾನ ಇಡಿ.

ಇನ್ನೊಂದು ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ಇದಕ್ಕೆ ಮನೆಯವರು ಯಾರಾದರೂ ಜೊತೆಗೆ ಬೇಕು. ಸೈಕಲ್ ಪಕ್ಕ ನಿಂತು ಎರಡೂ ಬ್ರೇಕ್ ಹಿಡಿಯಿರಿ. ಕ್ರ್ಯಾಂಕ್ ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಇರಲಿ. ಪೆಡಲನ್ನು ಕಾಲಿನಿಂದ ಮೆಲ್ಲಗೆ ಒತ್ತಿ, ಬಿಡಿ, ಒತ್ತಿ. ಸದ್ದು ಬರುವ ಹದ ಸಿಕ್ಕಿದ ಮೇಲೆ ಜೊತೆಗಿರುವವರು ಬೆರಳ ತುದಿಯನ್ನು ಒಂದೊಂದೇ ಜಾಗದಲ್ಲಿ ಇಟ್ಟು ನೋಡಲಿ: ಪೆಡಲ್ ಬುಡ, ಕ್ರ್ಯಾಂಕ್ ಬೋಲ್ಟ್, ಕಪ್ ಅಂಚು, ಸೀಟಿನ ಕ್ಲ್ಯಾಂಪ್, ಹಿಂದಿನ ಆಕ್ಸಲ್. ಸದ್ದು ಹುಟ್ಟುವ ಕಡೆ ಬೆರಳಿಗೆ ಟಕ್ ಅಂತ ಸಣ್ಣ ಹೊಡೆತ ಗೊತ್ತಾಗುತ್ತದೆ. ಉಳಿದ ಕಡೆ ಬರೀ ಅದುರು. ಕಿವಿ ತಪ್ಪಿದರೂ ಬೆರಳು ತಪ್ಪುವುದು ಅಪರೂಪ. ಇನ್ನು ಕಾಲನ್ನು ಪೆಡಲ್ ಬಿಟ್ಟು ನೇರವಾಗಿ ಕ್ರ್ಯಾಂಕ್ ತುದಿಯ ಮೇಲೆ ಇಟ್ಟು ಒತ್ತಿ. ಸದ್ದು ಹೋದರೆ ಪೆಡಲ್‌ದೇ ತಪ್ಪು.

ಮೊದಲು ಹೊರಗಿನವು

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. 4, 5, 6, 8 ಮಿ.ಮೀ. ಅಲೆನ್ ಕೀ, ಪೆಡಲ್‌ಗೆ 15 ಮಿ.ಮೀ. ಸ್ಪ್ಯಾನರ್, ಹಳೆ ಬನಿಯನ್ ಬಟ್ಟೆ, ಹಳೆ ಟೂತ್ ಬ್ರಷ್, ಒಂದು ಡಬ್ಬಿ ಗ್ರೀಸ್. ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಲಿಥಿಯಂ ಗ್ರೀಸ್ ಸಾಕು. ಡಬ್ಲ್ಯೂಡಿ-40 ತರಹದ ಸ್ಪ್ರೇಯನ್ನು ಬೇರಿಂಗ್ ಕಡೆ ಹೊಡೆಯಬೇಡಿ. ಅದು ಒಳಗಿನ ಗ್ರೀಸನ್ನು ತೊಳೆಯುತ್ತದೆ. ಸದ್ದು ಎರಡು ದಿನ ನಿಂತು ಆಮೇಲೆ ಜೋರಾಗಿ ವಾಪಸ್ ಬರುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಗ್ರೀಸ್ ಕೈಯಲ್ಲಿ ಡಿಸ್ಕ್ ಮುಟ್ಟಲೇಬೇಡಿ.

ಪೆಡಲ್‌ನಿಂದ ಶುರು ಮಾಡಿ. ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ ಇರುತ್ತದೆ. ನೆನಪಿಟ್ಟುಕೊಳ್ಳಲು ಸುಲಭ ದಾರಿ: ಸ್ಪ್ಯಾನರ್ ಹಿಡಿ ಮೇಲಕ್ಕೆ ಬರುವ ಹಾಗೆ ಇಟ್ಟು ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಸಡಿಲವಾಗುತ್ತವೆ. ಬಿಚ್ಚಿ ಥ್ರೆಡ್ ನೋಡಿ. ಬೆಳ್ಳಗೆ ಒಣಗಿ ಹೊಳೆಯುತ್ತಿದ್ದರೆ ಗ್ರೀಸ್ ಬಿದ್ದೇ ಇಲ್ಲ. ಕ್ರ್ಯಾಂಕ್ ಒಳಗಿನ ಥ್ರೆಡ್ಡನ್ನೂ ಒರೆಸಿ, ಎರಡಕ್ಕೂ ತೆಳುವಾಗಿ ಗ್ರೀಸ್ ಹಚ್ಚಿ, ಮೊದಲ ಮೂರು ನಾಲ್ಕು ಸುತ್ತನ್ನು ಬರಿಗೈಯಲ್ಲಿ ತಿರುಪಿ. ಕೈಯಲ್ಲಿ ಹೋಗದಿದ್ದರೆ ಅಡ್ಡ ಹಿಡಿದಿದೆ ಅಂತ ಅರ್ಥ, ವಾಪಸ್ ತೆಗೆದು ಮತ್ತೆ ಹಿಡಿಸಿ. ಅಲ್ಯೂಮಿನಿಯಂ ಕ್ರ್ಯಾಂಕ್‌ನ ಥ್ರೆಡ್ ಒಮ್ಮೆ ಕಿತ್ತರೆ ಕ್ರ್ಯಾಂಕೇ ಹೋಯಿತು. ಕೊನೆಯ ಬಿಗಿ 35ರಿಂದ 55 ನ್ಯೂಟನ್ ಮೀಟರ್ (ತಿರುಪುವ ಬಲದ ಅಳತೆ), ಅಂದರೆ ಚೆನ್ನಾಗಿಯೇ ಬಿಗಿ.

ಆಮೇಲೆ ಸೀಟ್ ಪೋಸ್ಟ್. ಎಷ್ಟು ಎತ್ತರಕ್ಕೆ ಇತ್ತು ಅಂತ ಟೇಪ್ ಅಂಟಿಸಿ ಗುರುತು ಮಾಡಿ ಹೊರಗೆ ತೆಗೆಯಿರಿ. ನಮ್ಮ ರಸ್ತೆಯ ಧೂಳು ಒಳಗೆ ಇಳಿದಿರುತ್ತದೆ. ಒರೆಸಿ ಗ್ರೀಸ್ ಹಚ್ಚಿ ಕೂರಿಸಿ. ಫ್ರೇಮ್ ಅಥವಾ ಪೋಸ್ಟ್ ಕಾರ್ಬನ್ ಆಗಿದ್ದರೆ ಗ್ರೀಸ್ ಬೇಡ, ಅದಕ್ಕೇ ಅಂತ ಕಾರ್ಬನ್ ಪೇಸ್ಟ್ ಸಿಗುತ್ತದೆ. ಸೀಟಿನ ಕೆಳಗಿನ ಎರಡು ಕಂಬಿಗಳನ್ನು ಹಿಡಿಯುವ ಕ್ಲ್ಯಾಂಪನ್ನೂ ಬಿಗಿ ಮಾಡಿ.

ಉಳಿದವು ಬೇಗ ಮುಗಿಯುತ್ತವೆ. ಹಿಂದಿನ ಕ್ವಿಕ್ ರಿಲೀಸ್ ಬಿಚ್ಚಿ, ಫ್ರೇಮ್‌ಗೆ ತಾಗುವ ಮುಖ ಒರೆಸಿ ಮತ್ತೆ ಗಟ್ಟಿಯಾಗಿ ಮುಚ್ಚಿ. ಸೈಡ್ ಸ್ಟ್ಯಾಂಡ್, ಮಡ್‌ಗಾರ್ಡ್, ಕ್ಯಾರಿಯರ್, ಬಾಟಲ್ ಹೋಲ್ಡರ್ ಬೋಲ್ಟ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಮುಂದಿನ ಗೇರ್‌ನ ಕೇಬಲ್ ತುದಿ ಹೊರಗೆ ಚಾಚಿದ್ದರೆ ಪ್ರತಿ ಸುತ್ತಿಗೂ ಕ್ರ್ಯಾಂಕ್‌ಗೆ ತಾಗಿ ಟಿಕ್ ಅನ್ನುತ್ತದೆ. ಶೂ ಲೇಸ್ ತುದಿಯೂ ಹೀಗೇ ಮಾಡುತ್ತದೆ. ಹೊಸ ಚಕ್ರದ ಕಡ್ಡಿಗಳು ಮೊದಲ ಸವಾರಿಯಲ್ಲಿ ಟಿಂಗ್ ಅನ್ನುವುದುಂಟು, ಅದು ತಾನಾಗಿ ನಿಲ್ಲುತ್ತದೆ.

ಚೈನ್ ಕೂರುವ ಮುಂದಿನ ಹಲ್ಲಿನ ಚಕ್ರವನ್ನು ಕ್ರ್ಯಾಂಕಿಗೆ ಹಿಡಿಯುವ ಚೈನ್ ರಿಂಗ್ ಬೋಲ್ಟ್‌ಗಳಿಗೆ ಸ್ವಲ್ಪ ಸಮಯ ಕೊಡಿ. ನಾಲ್ಕೋ ಐದೋ ಇರುತ್ತವೆ. ಒಂದನ್ನು ತೆಗೆದು, ಒರೆಸಿ, ಗ್ರೀಸ್ ಹಚ್ಚಿ, ಹಾಕಿದ ಮೇಲೆ ಇನ್ನೊಂದು. ಎಲ್ಲಾ ಒಟ್ಟಿಗೆ ಬಿಚ್ಚಬೇಡಿ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಬೋಲ್ಟ್ ಬದಲು ರಿವೆಟ್ ಹೊಡೆದಿರುತ್ತಾರೆ. ಅಲ್ಲಿ ರಿವೆಟ್ ಸುತ್ತ ಒಂದೊಂದು ಹನಿ ಚೈನ್ ಆಯಿಲ್ ಬಿಟ್ಟು ತುಳಿದು ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು.

ಕ್ರ್ಯಾಂಕ್: ಸಾಮಾನ್ಯವಾಗಿ ಸದ್ದು ಸಿಗುವುದು ಇಲ್ಲೇ

ಕ್ರ್ಯಾಂಕ್ ಮಧ್ಯದ ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಳಗೆ ನೋಡಿ. 8 ಮಿ.ಮೀ. ಅಲೆನ್ ಬೋಲ್ಟ್ ಅಥವಾ 14 ಮಿ.ಮೀ. ನಟ್ ಕಂಡರೆ ನಿಮ್ಮದು ಹೆಚ್ಚಾಗಿ ಸ್ಕ್ವೇರ್ ಟೇಪರ್. ಆಕ್ಸಲ್ ತುದಿ ಚೌಕ, ಸ್ವಲ್ಪ ಮೊನಚು. ಕ್ರ್ಯಾಂಕ್‌ನ ಚೌಕ ತೂತು ಅದರ ಮೇಲೆ ಬಿಗಿಯಾಗಿ ಏರಿ ಕೂರಬೇಕು. ಆಕ್ಸಲ್ ತುದಿಯಲ್ಲಿ ಅಂಥ ಬೋಲ್ಟ್ ಇಲ್ಲದೆ, ಎಡ ಕ್ರ್ಯಾಂಕ್‌ನಲ್ಲಿ ಎರಡು ಸಣ್ಣ ಬೋಲ್ಟ್ ಅಡ್ಡಕ್ಕೆ ಇದ್ದರೆ ಅದು ಹಾಲೋಟೆಕ್ 2 ತರಹದ್ದು. ಇದರಲ್ಲಿ ಟೊಳ್ಳು ಆಕ್ಸಲ್ ಬಲ ಕ್ರ್ಯಾಂಕ್‌ಗೇ ಅಂಟಿಕೊಂಡಿರುತ್ತದೆ, ಬೇರಿಂಗ್ ಶೆಲ್ ಹೊರಗೆ ಕೂತಿರುತ್ತದೆ.

ಸ್ಕ್ವೇರ್ ಟೇಪರ್‌ನ ಬಿಗಿ ಸೈಕಲ್ ಭಾಗ ತಯಾರಿಸುವ ಶಿಮಾನೊ ಕಂಪನಿ ಹೇಳುವ ಪ್ರಕಾರ 35ರಿಂದ 50 ನ್ಯೂಟನ್ ಮೀಟರ್. ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದವರಿಗೆ ಲೆಕ್ಕ ಹೀಗೆ: 20 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ ಸುಮಾರು 20 ಕೆ.ಜಿ. ಭಾರ ಹಾಕಿದರೆ 40 ನ್ಯೂಟನ್ ಮೀಟರ್ ಆಗುತ್ತದೆ. ಗಿಡ್ಡ ಅಲೆನ್ ಕೀಯಲ್ಲಿ ಬೆರಳಿನ ಬಲದಿಂದ ಇಷ್ಟು ಬರುವುದಿಲ್ಲ. ಹೊಸ ಸೈಕಲ್‌ನಲ್ಲಿ ಸಡಿಲ ಉಳಿಯುವುದು ಹೀಗೇ.

ಈಗ ಎಡ ಕ್ರ್ಯಾಂಕ್ ವಿಷಯ. ಸಡಿಲ ಇರುವಾಗಲೇ ತುಳಿಯುತ್ತಾ ಹೋದರೆ ಗಟ್ಟಿ ಉಕ್ಕಿನ ಆಕ್ಸಲ್ ಮೆತ್ತನೆ ಅಲ್ಯೂಮಿನಿಯಂ ತೂತನ್ನು ತಿನ್ನುತ್ತದೆ. ಚೌಕದ ಮೂಲೆಗಳು ದುಂಡಾಗುತ್ತವೆ. ಆಮೇಲೆ ಎಷ್ಟೇ ಬಿಗಿ ಮಾಡಿದರೂ ನಿಲ್ಲುವುದಿಲ್ಲ, ಹೊಸ ಕ್ರ್ಯಾಂಕ್ ಹಾಕುವುದೊಂದೇ ದಾರಿ. ಒಂದು ಬೋಲ್ಟ್ ಬಿಗಿ ಮಾಡಿದ್ದರೆ ಉಳಿಯುತ್ತಿದ್ದ ಸಾಮಾನು ಹೀಗೆ ಹಾಳಾಗುವುದು ನೋಡಿದರೆ ಬೇಜಾರಾಗುತ್ತದೆ. ಹೊಸ ಸೈಕಲ್ ಇರುವ ಯಾರೇ ಆಗಲಿ, ಸದ್ದು ಇರಲಿ ಬಿಡಲಿ, ಮೊದಲ ಕೆಲವು ಸವಾರಿಗಳ ನಂತರ ಎರಡೂ ಕಡೆಯ ಕ್ರ್ಯಾಂಕ್ ಬೋಲ್ಟ್ ಒಮ್ಮೆ ಬಿಗಿ ಮಾಡಿ ನೋಡಲೇಬೇಕು.

ಬಿಗಿ ಮಾಡಿದ ಮೇಲೂ ಸದ್ದು ಇದ್ದರೆ ಕ್ರ್ಯಾಂಕ್ ತೆಗೆಯಬೇಕು. ಇದಕ್ಕೆ ಕ್ರ್ಯಾಂಕ್ ಪುಲ್ಲರ್ ಬೇಕು. ಮೊದಲು ಬೋಲ್ಟ್ ತೆಗೆಯಿರಿ. ಒಳಗೆ ವಾಷರ್ ಉಳಿದಿದ್ದರೆ ಅದನ್ನೂ ತೆಗೆಯಿರಿ, ಇಲ್ಲದಿದ್ದರೆ ಪುಲ್ಲರ್ ಅದನ್ನೇ ಒತ್ತುತ್ತದೆ. ಪುಲ್ಲರ್‌ನ ಹೊರಗಿನ ಥ್ರೆಡ್ಡನ್ನು ಕ್ರ್ಯಾಂಕ್ ಒಳಗೆ ಕೈಯಿಂದಲೇ ಪೂರ್ತಿ ತಿರುಪಿ. ಎರಡೇ ಸುತ್ತು ಹಿಡಿದಿರುವಾಗ ಮಧ್ಯದ ಕಡ್ಡಿ ತಿರುಗಿಸಿದರೆ ಕ್ರ್ಯಾಂಕ್ ಬರುವ ಬದಲು ಥ್ರೆಡ್ ಕಿತ್ತು ಬರುತ್ತದೆ. ಪೂರ್ತಿ ಕೂತ ಮೇಲೆ ಮಧ್ಯದ ಕಡ್ಡಿ ತಿರುಗಿಸಿ, ಕ್ರ್ಯಾಂಕ್ ತಾನಾಗಿ ಈಚೆ ಬರುತ್ತದೆ.

ಚೌಕ ಮುಖಗಳನ್ನು ಬಟ್ಟೆಯಲ್ಲಿ ಒರೆಸಿ. ಒಂದು ಮರಳಿನ ಕಣವೂ ಉಳಿಯಬಾರದು. ಬೋಲ್ಟ್‌ನ ಥ್ರೆಡ್‌ಗೆ, ಅದರ ತಲೆಯ ಕೆಳಭಾಗಕ್ಕೆ ಗ್ರೀಸ್ ಹಚ್ಚಿ. ಚೌಕ ಮುಖಕ್ಕೂ ಹಚ್ಚಬೇಕಾ ಅನ್ನುವುದರಲ್ಲಿ ಮೆಕ್ಯಾನಿಕ್‌ಗಳಲ್ಲೇ ಎರಡು ಪಂಗಡ ಇದೆ. ಒಬ್ಬರು ಒಣಗಿರಲಿ ಅಂತಾರೆ, ಇನ್ನೊಬ್ಬರು ಹಚ್ಚಲೇಬೇಕು ಅಂತಾರೆ. ನನ್ನ ಅಭಿಪ್ರಾಯದಲ್ಲಿ ಬೆರಳಲ್ಲಿ ಸವರಿದಷ್ಟು ತೆಳು ಪದರ ಸಾಕು. ಆದರೆ ಹೇಳಿದ ಬಿಗಿಗಿಂತ ಮುಂದೆ ಹೋಗಬೇಡಿ, ಗ್ರೀಸ್ ಇದ್ದರೆ ಕ್ರ್ಯಾಂಕ್ ಸುಲಭವಾಗಿ ಜಾಸ್ತಿ ಒಳಗೆ ಹತ್ತಿಬಿಡುತ್ತದೆ.

ಹಾಲೋಟೆಕ್ 2ರಲ್ಲಿ ಪುಲ್ಲರ್ ಬೇಡ. ಎರಡು ಅಡ್ಡ ಬೋಲ್ಟ್ ಸಡಿಲ ಮಾಡಿ, ನಡುವಿನ ಸಣ್ಣ ಪ್ಲಾಸ್ಟಿಕ್ ಪಟ್ಟಿಯನ್ನು ಮೇಲೆತ್ತಿ, ತುದಿಯ ಮುಚ್ಚಳ ಬಿಚ್ಚಿದರೆ ಎಡ ಕ್ರ್ಯಾಂಕ್ ಕೈಗೆ ಬರುತ್ತದೆ. ಆ ಮುಚ್ಚಳಕ್ಕೆ ಪುಟ್ಟ ಪ್ಲಾಸ್ಟಿಕ್ ಟೂಲ್ ಬೇಕು. ಚೈನ್ ಇಳಿಸಿ, ಆಕ್ಸಲ್ ತುದಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಲಕ್ಕೆ ಹೊರಡಿಸಿ. ಆಕ್ಸಲ್ ತುದಿಯ ಹಲ್ಲುಗಳನ್ನು ಒರೆಸಿ, ಆ ಹಲ್ಲಿಗೂ ಬೇರಿಂಗ್ ಕೂರುವ ಜಾಗಕ್ಕೂ ಗ್ರೀಸ್ ಹಚ್ಚಿ ವಾಪಸ್ ಹಾಕಿ. ಮುಚ್ಚಳವನ್ನು ಬೆರಳ ಬಲದಷ್ಟೇ ತಿರುಪಿ. ಅದರ ಕೆಲಸ ಅಲ್ಲಾಟ ತೆಗೆಯುವುದು ಮಾತ್ರ, ಕ್ರ್ಯಾಂಕ್ ಹಿಡಿದಿಡುವುದಲ್ಲ. ಪ್ಲಾಸ್ಟಿಕ್ ಪಟ್ಟಿಯ ಸಣ್ಣ ಮುಳ್ಳು ಆಕ್ಸಲ್ ತೂತಿಗೆ ಕೂತಿತಾ ನೋಡಿ. ಆಮೇಲೆ ಎರಡು ಬೋಲ್ಟನ್ನು ಇದಕ್ಕಿಷ್ಟು ಅದಕ್ಕಿಷ್ಟು ಅಂತ ಸರದಿಯಲ್ಲಿ 12ರಿಂದ 14 ನ್ಯೂಟನ್ ಮೀಟರ್‌ಗೆ ತನ್ನಿ.

ಇಷ್ಟೆಲ್ಲಾ ಆದ ಮೇಲೆ ಬಿ.ಬಿ.

ಕ್ರ್ಯಾಂಕ್ ಬಿಚ್ಚಿದ್ದಾಗಲೇ ಆಕ್ಸಲನ್ನು (ಹಾಲೋಟೆಕ್‌ನಲ್ಲಿ ಬೇರಿಂಗ್ ಒಳವಲಯವನ್ನು) ಬೆರಳಲ್ಲಿ ತಿರುಗಿಸಿ ನೋಡಿ. ಹೊಸ ಬೇರಿಂಗ್ ಸ್ವಲ್ಪ ಬಿಗಿ ಅನ್ನಿಸಬಹುದು. ಸೀಲ್ ಮತ್ತು ದಪ್ಪ ಗ್ರೀಸ್‌ನಿಂದ ಹಾಗಾಗುತ್ತದೆ, ಅದು ದೋಷ ಅಲ್ಲ. ಗರಗರ ಅಂದರೆ, ಅಲ್ಲಲ್ಲಿ ಹಿಡಿದರೆ, ಮೇಲೆ ಕೆಳಗೆ ಅಲ್ಲಾಡಿದರೆ ಮಾತ್ರ ಬೇರಿಂಗ್ ಕೆಟ್ಟಿದೆ. ಆಕ್ಸಲ್, ಬೇರಿಂಗ್ ಎಲ್ಲಾ ಒಂದೇ ಕೊಳವೆಯಲ್ಲಿ ಮುಚ್ಚಿ ಬರುವ ಕಾರ್ಟ್ರಿಜ್ ಬಿ.ಬಿ.ಯನ್ನು ರಿಪೇರಿ ಮಾಡಲು ಬರುವುದಿಲ್ಲ, ಪೂರ್ತಿ ಬದಲಿಸಬೇಕು. ಹೊಸ ಸೈಕಲ್ ಆದ್ದರಿಂದ ಅದು ವಾರಂಟಿ ಕೆಲಸ ಆಗಿರಬಹುದು, ಜೇಬಿಗೆ ಕೈ ಹಾಕುವ ಮೊದಲು ಶಾಪ್‌ನಲ್ಲಿ ಕೇಳಿ.

ಬೇರಿಂಗ್ ಸರಿ ಇದ್ದರೆ ಕಪ್ ಮತ್ತು ಶೆಲ್ ನಡುವಿನ ಥ್ರೆಡ್ ನೋಡಬೇಕು. ಹೆಚ್ಚಿನ ಸೈಕಲ್‌ಗಳಲ್ಲಿ ಇರುವುದು ಬಿ.ಎಸ್.ಎ. ಥ್ರೆಡ್. ಇದರಲ್ಲಿ ಚೈನ್ ಇರುವ ಬಲಗಡೆಯದು ಉಲ್ಟಾ, ಎಡಗಡೆಯದು ಮಾಮೂಲಿ. ಟೂಲ್‌ನ ಹಿಡಿ ಮೇಲಕ್ಕೆ ಇಟ್ಟು ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಕಡೆ ಬಿಚ್ಚುತ್ತದೆ. ಪೆಡಲ್‌ಗೆ ಹೇಳಿದ್ದಕ್ಕೆ ಇದು ತಿರುಗುಮುರುಗು, ಗಮನ ಇರಲಿ. ಇಟಾಲಿಯನ್ ಥ್ರೆಡ್ ಇರುವ ಕೆಲವು ರೋಡ್ ಬೈಕ್‌ಗಳಲ್ಲಿ ಎರಡೂ ಕಡೆ ಮಾಮೂಲಿ ಥ್ರೆಡ್ಡೇ.

ಕಾರ್ಟ್ರಿಜ್ ಬಿ.ಬಿ.ಗೆ 20 ಹಲ್ಲಿನ ಟೂಲ್, ಹಾಲೋಟೆಕ್ ಕಪ್‌ಗೆ 16 ಕಚ್ಚಿನ ಸ್ಪ್ಯಾನರ್ ಬೇಕು. ಟೂಲ್ ಜಾರಿದರೆ ಹಲ್ಲು ಹಾಳು, ಹಾಗಾಗಿ ಒಂದು ಕೈಯಲ್ಲಿ ಒತ್ತಿ ಹಿಡಿದೇ ತಿರುಗಿಸಿ. ಮೊದಲು ಎಡ ಕಪ್, ಆಮೇಲೆ ಬಲಗಡೆಯಿಂದ ಪೂರ್ತಿ ಕಾರ್ಟ್ರಿಜ್.

ಹೊರಗೆ ಬಂದಾಗ ಶೆಲ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಹೊಸ ಫ್ರೇಮ್‌ನಲ್ಲಿ ಥ್ರೆಡ್ ಮೇಲೆ ಪೇಂಟ್ ಪುಡಿ, ಲೋಹದ ಚೂರು ಸಿಗುವುದು ಅಪರೂಪವಲ್ಲ. ಮಳೆಗಾಲದಲ್ಲಿ ಸೀಟ್ ಪೋಸ್ಟ್ ದಾರಿಯಿಂದ ಇಳಿದ ನೀರೂ ಅಲ್ಲೇ ನಿಂತಿರುತ್ತದೆ. ಟೂತ್ ಬ್ರಷ್‌ಗೆ ಸ್ವಲ್ಪ ಡೀಸೆಲ್ ಹಾಕಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಥ್ರೆಡ್‌ಗೂ ಕಪ್‌ನ ಅಂಚು ಶೆಲ್‌ಗೆ ತಾಗುವ ಮುಖಕ್ಕೂ ಧಾರಾಳವಾಗಿ ಗ್ರೀಸ್ ಹಚ್ಚಿ. ಇಲ್ಲಿ ಜಿಪುಣತನ ಬೇಡ. ಬಿಗಿ ಮಾಡಿದಾಗ ಅಂಚಿನ ಸುತ್ತ ತೆಳುವಾದ ಗ್ರೀಸ್ ಉಂಗುರ ಹೊರಗೆ ಬಂದರೆ ಸರಿಯಾಗಿದೆ. ಅದನ್ನು ಒರೆಸಿಬಿಡಿ.

ಬಲಗಡೆಯದನ್ನು ಮೊದಲು ಹಾಕಿ, ಬರಿ ಬೆರಳಲ್ಲಿ. ನಾಲ್ಕೈದು ಸುತ್ತು ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಟೂಲ್ ಮುಟ್ಟಬೇಡಿ. ಶೆಲ್‌ನ ಥ್ರೆಡ್ ಕೆಟ್ಟರೆ ಫ್ರೇಮಿಗೇ ಕುತ್ತು. ಕಾರ್ಟ್ರಿಜ್‌ಗೆ 50ರಿಂದ 70, ಹಾಲೋಟೆಕ್ ಕಪ್‌ಗೆ 35ರಿಂದ 50 ನ್ಯೂಟನ್ ಮೀಟರ್ ಬಿಗಿ. ಕೆಲವು ಅಗ್ಗದ ಬಿ.ಬಿ.ಗಳಲ್ಲಿ ಎಡ ಕಪ್ ಪ್ಲಾಸ್ಟಿಕ್ ಆಗಿರುತ್ತದೆ. ಅದಕ್ಕೆ ಇಷ್ಟು ಬಲ ಹಾಕಿದರೆ ಸೀಳುತ್ತದೆ. ಬದಲಿಸುವ ಅವಕಾಶ ಇದ್ದರೆ ಲೋಹದ ಕಪ್ ಇರುವುದನ್ನೇ ಕೇಳಿ.

ಪ್ರೆಸ್‌ಫಿಟ್ ಬಿ.ಬಿ. ಇದ್ದವರು ಈ ಭಾಗ ಮನೆಯಲ್ಲಿ ಮಾಡಬೇಡಿ. ಬಿ.ಬಿ.86, ಬಿ.ಬಿ.92, ಬಿ.ಬಿ.30 ಇವೆಲ್ಲಾ ಆ ಜಾತಿ. ಥ್ರೆಡ್ಡೇ ಇಲ್ಲ, ಕಪ್ ಅಥವಾ ಬೇರಿಂಗನ್ನು ಶೆಲ್ ಒಳಗೆ ಒತ್ತಿ ಕೂರಿಸಿರುತ್ತಾರೆ. ಶೆಲ್ ಅಳತೆ ಚೂರು ಆಚೀಚೆ ಆದರೂ ಕಿರುಗುಟ್ಟುತ್ತದೆ. ಕೂರಿಸಲು ಪ್ರೆಸ್ ಬೇಕು, ಸುತ್ತಿಗೆಯಿಂದ ಹೊಡೆದರೆ ಫ್ರೇಮ್ ಹಾಳಾಗಬಹುದು. ಅಳತೆಯೇ ತಪ್ಪಿದ್ದರೆ ಅದು ತಯಾರಕರು ಉತ್ತರ ಕೊಡಬೇಕಾದ ವಿಷಯ.

ಕಾಟರ್ ಪಿನ್ ಸೈಕಲ್ ಇದ್ದರೆ

ನಮ್ಮಲ್ಲಿ ಇನ್ನೂ ಎಷ್ಟೋ ಮನೆಗೆ ಹೊಸದಾಗಿ ಬರುವುದು ಕಪ್ಪು ಬಣ್ಣದ ಗಟ್ಟಿ ಸೈಕಲ್‌ಗಳೇ. ಇವುಗಳಲ್ಲಿ ಕ್ರ್ಯಾಂಕನ್ನು ಹಿಡಿಯುವುದು ಕಾಟರ್ ಪಿನ್, ಅಂದರೆ ಕ್ರ್ಯಾಂಕಿಗೂ ಆಕ್ಸಲಿಗೂ ಅಡ್ಡಲಾಗಿ ತೂರಿಸುವ ಬೆಣೆಯಂಥ ಕಡ್ಡಿ. ಸುತ್ತಿಗೊಂದು ಟಕ್ ಅಂದರೆ ಮೊದಲ ಅನುಮಾನ ಅದರ ಮೇಲೇ. ಬರೀ ನಟ್ ತಿರುಪಿದರೆ ಪ್ರಯೋಜನ ಇಲ್ಲ. ನಟ್ ಪಿನ್ನನ್ನು ಒಳಗೆ ಎಳೆದು ಕೂರಿಸಲಾರದು, ಎಳೆಯಲು ಹೋದರೆ ಥ್ರೆಡ್ ಕಿತ್ತುಹೋಗುತ್ತದೆ. ಕ್ರ್ಯಾಂಕ್ ಕೆಳಗೆ ಗಟ್ಟಿ ಕಬ್ಬಿಣದ ಕೊಳವೆ ಆಸರೆ ಕೊಟ್ಟು, ಪಿನ್‌ನ ತಲೆಗೆ ಸುತ್ತಿಗೆಯಿಂದ ಹೊಡೆದು ಕೂರಿಸಿ, ಆಮೇಲೆ ನಟ್ ಬಿಗಿ ಮಾಡಬೇಕು. ಆಸರೆ ಇಲ್ಲದೆ ಹೊಡೆದರೆ ಆ ಪೆಟ್ಟೆಲ್ಲಾ ಒಳಗಿನ ಗುಂಡುಗಳಿಗೆ ಬೀಳುತ್ತದೆ. ಪಿನ್‌ನ ಚಪ್ಪಟೆ ಮುಖದಲ್ಲಿ ತಗ್ಗು ಬಿದ್ದಿದ್ದರೆ ಹಳೆಯದನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ ಅದೇ ಅಳತೆಯ ಹೊಸದು ತನ್ನಿ.

ಶಾಪ್‌ಗೆ ಹೋಗುವಾಗ

ಟೂಲ್ ಇಲ್ಲದವರು, ವಾರಂಟಿ ಇರುವವರು ಕಪ್ ಬಿಚ್ಚುವ ಮೊದಲೇ ಶಾಪ್‌ಗೆ ಹೋಗುವುದು ಒಳ್ಳೆಯದು. ಆದರೆ ಸುಮ್ನೆ "ಸದ್ದು ಬರ್ತಿದೆ" ಅಂತ ಹೇಳಿ ಬಿಟ್ಟು ಬರಬೇಡಿ. ಸ್ಟ್ಯಾಂಡ್‌ಗೆ ನೇತುಹಾಕಿ ತಿರುಗಿಸಿದರೆ ಭಾರ ಇರುವುದಿಲ್ಲ, ಸದ್ದೂ ಬರುವುದಿಲ್ಲ. "ಏನೂ ಇಲ್ಲ ಸಾರ್" ಅಂತ ವಾಪಸ್ ಕೊಡುತ್ತಾರೆ. ನೀವು ಕಂಡುಕೊಂಡಿದ್ದನ್ನು ಹೇಳಿ: "ಅಣ್ಣ, ಎದ್ದು ನಿಂತು ತುಳಿದಾಗ ಮಾತ್ರ, ಎಡಗಾಲಿಗೆ, ಸುತ್ತಿಗೊಂದು ಸಲ ಬರ್ತಿದೆ. ಪೆಡಲ್, ಸೀಟ್ ಪೋಸ್ಟ್ ನೋಡಾಯ್ತು. ಲೆಫ್ಟ್ ಕ್ರ್ಯಾಂಕ್ ಬಿಚ್ಚಿ ಕ್ಲೀನ್ ಮಾಡಿ ಗ್ರೀಸ್ ಹಾಕಿ ಟೈಟ್ ಮಾಡ್ಕೊಡಿ." ಇಷ್ಟು ಹೇಳಿದರೆ ಒಳ್ಳೆಯ ಮೆಕ್ಯಾನಿಕ್‌ಗೆ ಕೆಲಸ ಅರ್ಧ ಮುಗಿದ ಹಾಗೆ. ಸದ್ದು ಬರುವ ಏರಿನಲ್ಲಿ ಯಾರಿಂದಲಾದರೂ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ ಇಟ್ಟುಕೊಂಡರೆ ವಾರಂಟಿ ಮಾತಾಡುವಾಗಲೂ ಉಪಯೋಗಕ್ಕೆ ಬರುತ್ತದೆ.

ಕಪ್ ಬಿಚ್ಚಿ ಗ್ರೀಸ್ ಹಾಕಿದ ಮೇಲೂ ಸದ್ದು ಅಲ್ಲಿಂದಲೇ ಬರುತ್ತಿದ್ದರೆ, ಶೆಲ್‌ನ ಎರಡು ಮುಖಗಳು ಸಮ ಇವೆಯಾ ಅಂತ ನೋಡಲು ಹೇಳಿ. ಅಲ್ಲಿ ಪೇಂಟ್ ದಪ್ಪ ಕೂತಿದ್ದರೆ ಅಥವಾ ಮುಖ ಓರೆ ಇದ್ದರೆ ಕಪ್ ಸರಿಯಾಗಿ ಕೂರುವುದಿಲ್ಲ. ಅದನ್ನು ಸವರಿ ಸಮ ಮಾಡುವ ಫೇಸಿಂಗ್ ಟೂಲ್ ದೊಡ್ಡ ಶಾಪ್‌ಗಳಲ್ಲಿ ಮಾತ್ರ ಇರುತ್ತದೆ, ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.